ಉತ್ತರದ ಕತ್ತಲು ನಮ್ಮೂರಿಗೂ ಬರುತ್ತಾ?

ಪ್ರಶ್ನೆ: 2012ರಲ್ಲಿ ಅರ್ಧ ದೇಶ ಕತ್ತಲಾದಾಗ ಕರ್ನಾಟಕಕ್ಕೆ ಏನೂ ಆಗಲಿಲ್ಲ. ಈಗ ದೇಶಕ್ಕೆಲ್ಲ ಒಂದೇ ಗ್ರಿಡ್ (ವಿದ್ಯುತ್ ಜಾಲ). ಅಲ್ಲಿ ಕೆಟ್ಟರೆ ಇಲ್ಲೂ ಕರೆಂಟ್ ಹೋಗುತ್ತೆ ಅಲ್ವಾ? ಬೇರೆ ಇದ್ದದ್ದೇ ವಾಸಿಯಿತ್ತೇನೋ.
– ಓದುಗರೊಬ್ಬರು, ರಾಯಚೂರು

ಉತ್ತರ: ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಆ ವರ್ಷ ಜುಲೈ 30ರ ಬೆಳಗಿನ ಜಾವ 2.33ಕ್ಕೆ ಬೀನಾ–ಗ್ವಾಲಿಯರ್ 400 ಕೆವಿ (4 ಲಕ್ಷ ವೋಲ್ಟ್) ಲೈನ್ ಟ್ರಿಪ್ ಆಯಿತು. ಅದರ ಹೊರೆ ಪಕ್ಕದ ಲೈನ್‌ಗಳ ಮೇಲೆ ಬಿತ್ತು, ಅವೂ ಒಂದೊಂದಾಗಿ ಕಳಚಿದವು. ಉತ್ತರ ಗ್ರಿಡ್ ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಹೋದವು. ಸುಮಾರು 60 ಕೋಟಿ ಜನರಿದ್ದ ಪ್ರದೇಶ ಅದು.

ನಾವು ಉಳಿದದ್ದಕ್ಕೆ ಕಾರಣವಿದೆ. ಆಗ ದಕ್ಷಿಣಕ್ಕೆ ಉಳಿದ ದೇಶದ ಜೊತೆ ಇದ್ದದ್ದು ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಸಂಪರ್ಕ ಮಾತ್ರ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಬರುವ ಲೈನ್ ಅಂಥದ್ದೇ. ಡಿಸಿಯಲ್ಲಿ ಕರೆಂಟ್ ಬರುತ್ತದೆ, ಆ ಕಡೆಯ ಫ್ರೀಕ್ವೆನ್ಸಿಯ (ಎಸಿ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಡುತ್ತದೆ ಎಂಬ ಲೆಕ್ಕ) ಏರುಪೇರು ಬರುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಎಸಿ ಲೈನ್ ಶುರುವಾಯಿತು, ಎಲ್ಲರ ಫ್ರೀಕ್ವೆನ್ಸಿಯೂ ಒಂದೇ ಆಯಿತು. ಬೆಸುಗೆ ಬಿದ್ದದ್ದು ನಿಮ್ಮೂರಲ್ಲೇ!

ಆದರೂ ಒಂದಾಗಿದ್ದೇ ಒಳ್ಳೆಯದು ಎನ್ನುತ್ತೇನೆ. ನಾಲ್ವರು ಪಲ್ಲಕ್ಕಿ ಹೊತ್ತಾಗ ಒಬ್ಬ ಎಡವಿದರೆ ಪಲ್ಲಕ್ಕಿಯೇ ವಾಲುತ್ತದೆ. ನಲವತ್ತು ಜನ ಹೊತ್ತರೆ ಗೊತ್ತೂ ಆಗುವುದಿಲ್ಲ. 2020ರ ಏಪ್ರಿಲ್ 5ರ ರಾತ್ರಿ ಎಲ್ಲರೂ ಒಂಬತ್ತು ನಿಮಿಷ ದೀಪ ಆರಿಸಿದೆವಲ್ಲ, ಆಗ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು. ಜಲವಿದ್ಯುತ್ ಘಟಕಗಳನ್ನು ಚಕಚಕನೆ ಇಳಿಸಿ, ಮತ್ತೆ ಏರಿಸಿ ನಿಭಾಯಿಸಿದರು. ಗ್ರಿಡ್ ಅಲುಗಾಡಲಿಲ್ಲ.

ಒಂದು ಷರತ್ತಿದೆ. ಕೆಟ್ಟ ಭಾಗ ತಕ್ಷಣ ಕಳಚಿಕೊಳ್ಳಬೇಕು. ಫ್ರೀಕ್ವೆನ್ಸಿ 50 ಹರ್ಟ್ಜ್‌ನಿಂದ ತೀರಾ ಇಳಿದರೆ ಕೆಲವು ಫೀಡರ್‌ಗಳನ್ನು (ಊರುಗಳಿಗೆ ಕರೆಂಟ್ ಒಯ್ಯುವ ಲೈನ್‌ಗಳು) ರಿಲೇಗಳೇ (ಏರುಪೇರು ಕಂಡೊಡನೆ ತಾವಾಗಿಯೇ ಆದೇಶ ಕೊಡುವ ಸಾಧನಗಳು) ಕತ್ತರಿಸುತ್ತವೆ. ಕೆಲವು ಊರಿಗೆ ಸ್ವಲ್ಪ ಹೊತ್ತು ಕತ್ತಲಾಗುತ್ತದೆ, ಗ್ರಿಡ್ ಉಳಿಯುತ್ತದೆ. 2012ರಲ್ಲಿ ಈ ರಿಲೇಗಳು ಸಾಕಷ್ಟು ಕೆಲಸ ಮಾಡಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ರಿಲೇ ಹೇಳಿದರೂ ಬ್ರೇಕರ್ (ಲೈನ್ ಕಡಿಯುವ ದೊಡ್ಡ ಸ್ವಿಚ್) ಬೀಳಲು ಬ್ಯಾಟರಿ ಬೇಕು. ಅದಕ್ಕೇ ಯಾವ ಸಬ್‌ಸ್ಟೇಷನ್‌ಗೆ ಹೋದರೂ ನಾನು ಮೊದಲು ನೋಡುತ್ತಿದ್ದದ್ದು ಬ್ಯಾಟರಿ ಕೋಣೆ. ಎರಡೆರಡು ವೋಲ್ಟಿನ 55 ಸೆಲ್‌ಗಳು ಸಾಲಾಗಿ ಇರುತ್ತವೆ, ಒಟ್ಟು 110 ವೋಲ್ಟ್. ಟರ್ಮಿನಲ್ ಮೇಲೆ ಹಸಿರು ಕಿಲುಬು ಕಂಡರೆ, ನೀರು ಗೆರೆಗಿಂತ ಇಳಿದಿದ್ದರೆ ಎದೆ ಧಸಕ್ ಎನ್ನುತ್ತಿತ್ತು. ಒಮ್ಮೆ ಮಳೆಗಾಲದಲ್ಲಿ 11 ಕೆವಿ ತಂತಿ ಹರಿದು ಗದ್ದೆಗೆ ಬಿತ್ತು. ಬ್ಯಾಟರಿ ಸತ್ತಿತ್ತು, ಬ್ರೇಕರ್ ಬೀಳಲಿಲ್ಲ. ಮೇಯುತ್ತಿದ್ದ ಎರಡು ಎಮ್ಮೆ ಹೋದವು. ಮನುಷ್ಯರಿದ್ದಿದ್ದರೆ? ಹೊಸ ಲೈನ್‌ಗೆ ಕೋಟಿಗಟ್ಟಲೆ ಸುರಿಯುತ್ತೇವೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದನ್ನು, ವರ್ಷಕ್ಕೊಮ್ಮೆ ರಿಲೇ ಪರೀಕ್ಷಿಸುವುದನ್ನು ಅಷ್ಟೇ ಶ್ರದ್ಧೆಯಿಂದ ಮಾಡಬೇಕು.

ಕಳಚಿಕೊಳ್ಳುವ ಮಾತು ನಿಮ್ಮ ಮನೆಗೂ ಸೇರಿದ್ದು. ಜನರೇಟರ್ ಇದ್ದರೆ ಚೇಂಜ್ಓವರ್ ಸ್ವಿಚ್ (ಒಂದು ಸಲಕ್ಕೆ ಲೈನ್ ಇಲ್ಲವೇ ಜನರೇಟರ್, ಒಂದನ್ನೇ ಮನೆಗೆ ಜೋಡಿಸುವ ಸ್ವಿಚ್) ಹಾಕಿಸಿ. ಇಲ್ಲದಿದ್ದರೆ ನಿಮ್ಮ ಕರೆಂಟ್ ಹಿಂದಕ್ಕೆ ಹರಿದು, ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ದಾಟಿ 11,000 ವೋಲ್ಟ್ ಆಗುತ್ತದೆ. ಲೈನ್ ಆಫ್ ಇದೆ ಎಂದು ನಂಬಿ ಲೈನ್‌ಮನ್ ಅಲ್ಲಿ ಕಂಬದ ಮೇಲಿರುತ್ತಾರೆ.