ವಾರಂಟಿ ಇರುವಾಗ ಬೈಕಿನ ಸರ್ವಿಸನ್ನು ನಾವೇ ಮಾಡಿಕೊಳ್ಳಬಹುದೇ?

ಪ್ರಶ್ನೆ: ಹೊಸ ಬೈಕು ಕೊಂಡು ಎಂಟು ತಿಂಗಳಾಯಿತು. ಎರಡು ಸರ್ವಿಸುಗಳನ್ನು ಡೀಲರ್ ಬಳಿಯೇ ಮಾಡಿಸಿದೆ. ಎರಡನೆಯ ಸಲ ಚೈನನ್ನು ಎಷ್ಟು ಬಿಗಿ ಮಾಡಿ ಕಳಿಸಿದ್ದರೆಂದರೆ, ಮನೆಗೆ ಬಂದು ನಾನೇ ಸಡಿಲಿಸಬೇಕಾಯಿತು. ಹಳೆಯ ಬೈಕಿನ ಆಯಿಲ್, ಬ್ರೇಕ್ ಪ್ಯಾಡ್, ಚೈನು ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಇದಕ್ಕೂ ಹಾಗೆಯೇ ಮಾಡಿದರೆ ವಾರಂಟಿ ಹೋಗುತ್ತದೆಯೇ?

ಉತ್ತರ: ಬೈಕಿನೊಂದಿಗೆ ಕೊಟ್ಟಿರುವ ವಾರಂಟಿ ಪುಸ್ತಕದಲ್ಲಿ ಸರ್ವಿಸಿನ ಷರತ್ತನ್ನು ಹೇಗೆ ಬರೆದಿದ್ದಾರೆ ಎಂಬುದನ್ನು ಮೊದಲು ಓದಿ. ನಿಗದಿತ ಸರ್ವಿಸುಗಳನ್ನು ಇಂತಿಷ್ಟು ಕಿಲೋಮೀಟರ್ ಅಥವಾ ಇಂತಿಷ್ಟು ದಿನಗಳಲ್ಲಿ, ಯಾವುದು ಮೊದಲೋ ಅದರೊಳಗೆ, ಅಧಿಕೃತ ಕೇಂದ್ರದಲ್ಲಿಯೇ ಮಾಡಿಸಿರಬೇಕು ಎಂದಿದ್ದರೆ, ನೀವು ಎಷ್ಟೇ ಅಚ್ಚುಕಟ್ಟಾಗಿ ಆಯಿಲ್ ಬದಲಿಸಿದ್ದರೂ ಮುಂದೆ ಎಂಜಿನ್ ಕೈಕೊಟ್ಟಾಗ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಒಂದು ನೆಪ ಸಿಕ್ಕಂತಾಗುತ್ತದೆ. ವೇಳಾಪಟ್ಟಿಯಂತೆ ನಿರ್ವಹಣೆ ನಡೆದಿರಬೇಕು ಎಂದಷ್ಟೇ ಇದ್ದರೆ ನೀವೇ ಮಾಡಿಕೊಳ್ಳಲು ಅವಕಾಶವಿದೆ, ಆದರೆ ಮಾಡಿದ್ದೀರಿ ಎಂದು ತೋರಿಸುವ ಹೊಣೆ ನಿಮ್ಮದು. ಆಯಿಲ್ ಮತ್ತು ಫಿಲ್ಟರಿನ ಬಿಲ್ಲು, ದಿನಾಂಕ, ಆ ದಿನದ ಓಡೋಮೀಟರಿನ ಫೋಟೋ ಇವನ್ನು ಒಂದೆಡೆ ಇಟ್ಟಿರಿ. ಆಯಿಲ್ ಕೂಡ ಪುಸ್ತಕದಲ್ಲಿ ಹೇಳಿದ ದರ್ಜೆಯದೇ ಆಗಿರಲಿ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುವುದರಿಂದ ಜಾಸೋ (JASO ಎಂಬ ಜಪಾನಿನ ಮಾನದಂಡ) ಎಂಎ ಅಥವಾ ಎಂಎ2 ಗುರುತಿನ ಆಯಿಲ್ ಬೇಕಾಗುತ್ತದೆ. ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆತ ಕಾರಿನ ಆಯಿಲನ್ನು ಹಾಕಿದರೆ ಕ್ಲಚ್ ಜಾರತೊಡಗುತ್ತದೆ, ಆಗ ಯಾವ ಬಿಲ್ಲೂ ನಿಮ್ಮ ನೆರವಿಗೆ ಬರುವುದಿಲ್ಲ.

ಬ್ರೇಕ್ ಪ್ಯಾಡ್, ಚೈನು, ಟೈರುಗಳ ವಿಷಯ ಬೇರೆ. ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ; ಬಳಕೆಯಲ್ಲಿ ಸವೆಯುವ ಇಂಥ ಭಾಗಗಳ ಸವೆತ ಸಾಮಾನ್ಯವಾಗಿ ಅದರೊಳಗೆ ಬರುವುದೇ ಇಲ್ಲ. ಚೈನನ್ನು ಒರೆಸಿ ಎಣ್ಣೆ ಹಾಕುವುದು, ಟೈರಿನ ಗಾಳಿ ನೋಡುವುದು ಇವಂತೂ ಸವಾರನೇ ಮಾಡಬೇಕೆಂದು ಮಾಲೀಕರ ಕೈಪಿಡಿಯೇ ಹೇಳುತ್ತದೆ. ವಾರಂಟಿಗೆ ನಿಜವಾಗಿ ಮುಳುವಾಗುವುದು ಹೆಚ್ಚುವರಿ ದೀಪಕ್ಕೋ ಹಾರ್ನಿಗೋ ವೈರಿಂಗ್ ಕತ್ತರಿಸುವ ಚಟ. ಅದರ ತಂಟೆಗೆ ಹೋಗಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ, ವಾರಂಟಿ ಮುಗಿಯುವವರೆಗೆ ನಿಗದಿತ ಸರ್ವಿಸುಗಳನ್ನು ಡೀಲರ್ ಬಳಿಯೇ ಮಾಡಿಸಿ ಎಂಬುದೇ ನನ್ನ ಸಲಹೆ. ಅವರ ಕೆಲಸ ನಿಮ್ಮದಕ್ಕಿಂತ ಮೇಲು ಎಂದಲ್ಲ; ನಿಮ್ಮ ಚೈನಿನ ಕಥೆ ಕೇಳಿದರೆ ಹಾಗೆ ಹೇಳುವ ಧೈರ್ಯವೂ ಬರುವುದಿಲ್ಲ. ಅಲ್ಲಿ ಸಿಗುವ ಬೆಲೆಬಾಳುವ ವಸ್ತು ಜಾಬ್ ಕಾರ್ಡ್, ಅಂದರೆ ನೀವು ಹೇಳಿದ ದೂರನ್ನೂ ಅವರು ಮಾಡಿದ ಕೆಲಸವನ್ನೂ ಬರೆದಿಡುವ ಹಾಳೆ. ಎಂಜಿನ್ನಿನಲ್ಲಿ ಸಣ್ಣ ಸದ್ದು, ಫೋರ್ಕಿನಲ್ಲಿ ಆಯಿಲಿನ ಜಿನುಗು ಕಂಡರೆ ಬಾಯಲ್ಲಿ ಹೇಳಿ ಬರಬೇಡಿ, ಕಾರ್ಡಿನಲ್ಲಿ ಬರೆಸಿ ಪ್ರತಿ ಪಡೆಯಿರಿ. ವಾರಂಟಿ ಮುಗಿದ ಮರುತಿಂಗಳೇ ಆ ದೋಷ ದೊಡ್ಡದಾದರೂ, ಅವಧಿಯೊಳಗೇ ತಿಳಿಸಿದ್ದೆ ಎಂದು ವಾದಿಸಲು ಆಧಾರವಿರುತ್ತದೆ. ಎಂಜಿನ್ ನಿಯಂತ್ರಣ ಘಟಕದ ತಂತ್ರಾಂಶ ಪರಿಷ್ಕರಣೆಯನ್ನು ಮನೆಯಲ್ಲಿ ಮಾಡಿಕೊಳ್ಳಲೂ ಆಗದು.

ಬಿಗಿ ಚೈನಿನ ಬಗ್ಗೆ ನಿಮ್ಮ ಆತಂಕ ಸರಿಯಾದದ್ದೇ. ಸವಾರನ ಭಾರಕ್ಕೆ ಹಿಂದಿನ ಸಸ್ಪೆನ್ಷನ್ ಕುಗ್ಗಿದಂತೆ ಚೈನು ಸುತ್ತುವ ಮುಂದಿನ ಹಲ್ಲುಚಕ್ರ (ಸ್ಪ್ರಾಕೆಟ್), ಹಿಂಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮಿನ ತಿರುಗುಬಿಂದು ಮತ್ತು ಹಿಂಚಕ್ರದ ಆಕ್ಸಲ್ ಒಂದೇ ಸಾಲಿಗೆ ಬರುವಾಗ ಚೈನು ಅತ್ಯಂತ ಬಿಗಿಯಾಗುತ್ತದೆ. ನಿಂತಿರುವಾಗಲೇ ಸಡಿಲವಿಲ್ಲದಿದ್ದರೆ ಆ ಎಳೆತವೆಲ್ಲ ಗೇರ್‌ಬಾಕ್ಸಿನ ಮತ್ತು ಹಿಂಚಕ್ರದ ಬೇರಿಂಗುಗಳ ಮೇಲೆ ಬೀಳುತ್ತದೆ. ಮುಂದಿನ ಸರ್ವಿಸಿನ ದಿನ ಒಂದು ಸ್ಕೇಲನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲೇ ಚೈನಿನ ಸಡಿಲವನ್ನು ಅಲ್ಲೇ ಅಳೆಯಿರಿ. ಅಳತೆ ತಪ್ಪಿದ್ದರೆ ಅವರ ಕೈಯಲ್ಲೇ ಸರಿಪಡಿಸಿ ಕಾರ್ಡಿನಲ್ಲಿ ನಮೂದಿಸಿಕೊಂಡು ಹೊರಡಿ.