ಅಷ್ಟೊಂದು ಪ್ಯಾಟನ್ ಟ್ಯಾಂಕ್ ಇದ್ದೂ 1965ರಲ್ಲಿ ಪಾಕಿಸ್ತಾನ ಅಸಲ್ ಉತ್ತರ್‌ನಲ್ಲಿ ಸೋತಿದ್ದು ಹೇಗೆ?

ನಾನು ಮಂಡ್ಯ ಕಡೆಯವನು. ಆಗ ತಾನೇ ನೀರು ಹಾಯಿಸಿದ ಕಬ್ಬಿನ ಗದ್ದೆಗೆ ಟ್ರ್ಯಾಕ್ಟರ್ ಇಳಿಸಿ ಅಪ್ಪನ ಹತ್ತಿರ ಬೈಸಿಕೊಂಡಿದ್ದೇನೆ. ಚಕ್ರ ತಿರುಗಿದಷ್ಟೂ ಹೂತುಕೊಳ್ಳುತ್ತದೆ. ಹಾಗಾಗಿ ಈ ಕಾಳಗದ ಬಗ್ಗೆ ಓದಿದಾಗ ಪ್ಯಾಟನ್ ಪಾಡು ನನಗೆ ಬೇಗ ಅರ್ಥವಾಯಿತು.

ಜಾಗ ಪಂಜಾಬಿನ ಖೇಮಕರಣ್ ಹತ್ತಿರ. ಸೆಪ್ಟೆಂಬರ್ 8ರಿಂದ 10. ಬಿಯಾಸ್ ನದಿಯ ಸೇತುವೆವರೆಗೆ ನುಗ್ಗಿ ಅಮೃತಸರದ ದಾರಿ ಕತ್ತರಿಸುವುದು ಪಾಕಿಸ್ತಾನದ 1ನೇ ಆರ್ಮರ್ಡ್ ಡಿವಿಜನ್ (ಟ್ಯಾಂಕ್ ಪಡೆ) ಲೆಕ್ಕಾಚಾರ. ನಮ್ಮ 4ನೇ ಮೌಂಟನ್ ಡಿವಿಜನ್ ಆಗಲೇ ಪೆಟ್ಟು ತಿಂದು ಹಿಂದೆ ಸರಿದಿತ್ತು. ಮೇಜರ್ ಜನರಲ್ ಗುರ್ಬಕ್ಷ್ ಸಿಂಗ್ ಅಸಲ್ ಉತ್ತರ್ ಹಳ್ಳಿಯ ಹತ್ತಿರ ಕುದುರೆ ಲಾಳದ ಆಕಾರದಲ್ಲಿ ಸೈನ್ಯ ನಿಲ್ಲಿಸಿದರು. ಹೊಲಗಳಿಗೆ ನೀರು ನುಗ್ಗಿಸಿದರು. ಆಳೆತ್ತರದ ಕಬ್ಬಿನ ಮರೆಯಲ್ಲಿ ನಮ್ಮ ಟ್ಯಾಂಕುಗಳು ಸದ್ದಿಲ್ಲದೆ ಕಾದವು.

ಪ್ಯಾಟನ್ ಭಾರ ಜಾಸ್ತಿ, ಅದಕ್ಕೇ ಹೂತಿತು ಅಂತ ಸುಮ್ನೆ ಹೇಳಿಬಿಡುತ್ತಾರೆ. ನಮ್ಮ ಸೆಂಚೂರಿಯನ್ ಟ್ಯಾಂಕ್ ಏನು ಹಗುರವೇ? ಅದೂ 50 ಟನ್ ಆಸುಪಾಸು. ಆದರೆ ನಮ್ಮವು ನಿಂತಲ್ಲೇ ಕಾಯುತ್ತಿದ್ದವು, ಅವು ಓಡಾಡಬೇಕಿತ್ತು, ಅಲ್ವಾ? ಕೆಸರು ತಪ್ಪಿಸಲು ತಿರುಗಿದರೆ ಟ್ಯಾಂಕಿನ ಪಕ್ಕೆ ನಮ್ಮ ಗುರಿಗೆ ಸಿಗುತ್ತದೆ. ಅಲ್ಲಿ ಉಕ್ಕು ಮುಂಭಾಗಕ್ಕಿಂತ ತೆಳು. ಹತ್ತಿರದಿಂದ ಹಾಗೆ ಸಿಕ್ಕರೆ ಎರಡನೇ ಮಹಾಯುದ್ಧದ ಕಾಲದ ಶರ್ಮನ್ ಟ್ಯಾಂಕ್ ಕೂಡ ಸಾಕು. ಡೆಕ್ಕನ್ ಹಾರ್ಸ್ ರೆಜಿಮೆಂಟ್ ಹತ್ತಿರ ಇದ್ದದ್ದು ಅವೇ.

ಇನ್ನು 4 ಗ್ರೆನೇಡಿಯರ್ಸ್ ಎಂಬ ಕಾಲಾಳು ದಳದ ಅಬ್ದುಲ್ ಹಮೀದ್. ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯವರು. ಅವರ ಹತ್ತಿರ ಟ್ಯಾಂಕೇ ಇರಲಿಲ್ಲ. ಜೀಪ್ ಮೇಲೆ ಕೂರಿಸಿದ 106 ಮಿ.ಮೀ. ರಿಕಾಯಿಲ್‌ಲೆಸ್ ಗನ್ (ಹೊಡೆದಾಗ ಹಿಂದಕ್ಕೆ ಒದೆಯದ, ಟ್ಯಾಂಕ್ ಒಡೆಯುವ ಗನ್) ಅಷ್ಟೇ. ಆ ಗನ್ನಿನ ಕಷ್ಟ ಏನೆಂದರೆ, ಹೊಡೆದ ಕೂಡಲೇ ಹಿಂದಿನಿಂದ ಬೆಂಕಿ, ಧೂಳು ಎದ್ದು ನೀವು ಎಲ್ಲಿದ್ದೀರಿ ಅಂತ ಎದುರಾಳಿಗೆ ತೋರಿಸಿಕೊಡುತ್ತದೆ. ಹೊಡಿ, ಜೀಪ್ ಓಡಿಸು, ಬೇರೆ ಕಡೆಯಿಂದ ಮತ್ತೆ ಹೊಡಿ. ಅವರು ಹಾಗೇ ಒಂದಾದ ಮೇಲೊಂದು ಟ್ಯಾಂಕ್ ಉರುಳಿಸಿದರು. 10ರಂದು ಹಾಗೆ ಕಾದಾಡುತ್ತಲೇ ಶೆಲ್ ಬಡಿದು ತೀರಿಕೊಂಡರು. ಮರಣೋತ್ತರ ಪರಮವೀರ ಚಕ್ರ ಬಂತು.

ಭಾರತದ ಲೆಕ್ಕದಲ್ಲಿ ಪಾಕಿಸ್ತಾನ ಕಳೆದುಕೊಂಡದ್ದು 97 ಟ್ಯಾಂಕ್. ಸಿಕ್ಕಿದವನ್ನು ಭಿಖಿವಿಂಡ್ ಹತ್ತಿರ ಸಾಲಾಗಿ ನಿಲ್ಲಿಸಿದರು. ಆ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರು ಬಿತ್ತು.

ಒಂದು ಮಾತನ್ನು ನಮ್ಮವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಖೇಮಕರಣ್ ಊರನ್ನು ವಾಪಸ್ ಪಡೆಯಲು ನಾವು ಆಮೇಲೆ ಮಾಡಿದ ದಾಳಿ ಫಲಿಸಲಿಲ್ಲ. ಕದನವಿರಾಮದ ದಿನವೂ ಅದು ಪಾಕಿಸ್ತಾನದ ಕೈಯಲ್ಲೇ ಇತ್ತು. ನಮಗೆ ಮರಳಿ ಸಿಕ್ಕಿದ್ದು 1966ರಲ್ಲಿ, ತಾಷ್ಕೆಂಟ್ ಒಪ್ಪಂದವಾದ ಮೇಲೆ.