ದಿಂಬಿನ ಕವರ್ ಮೇಲೆ ನಮ್ಮ ಚಿತ್ರ: ವೆಬ್‌ಸೈಟ್ ಆಮೇಲೆ, ಮೊದಲು ಟೇಲರ್

ಹೂವು, ಹಕ್ಕಿ ಬರೆಯುತ್ತೀರಿ, ಅವನ್ನು ದಿಂಬಿನ ಕವರ್, ಬೆಡ್‌ಶೀಟ್ ಮಾಡಿ ಮಾರಲು ಯಾವ ವೆಬ್‌ಸೈಟ್ ಒಳ್ಳೆಯದು ಅಂತ ಕೇಳಿದ್ದೀರಿ. ಬಾಗಲಕೋಟೆಯಲ್ಲಿ ಕೂತು ನಾನೂ ಇದನ್ನೇ ಹುಡುಕುತ್ತಿದ್ದೆ. ವೆಬ್‌ಸೈಟ್ ಯಾವುದಾದರೂ ನಡೆಯುತ್ತದೆ, ಬಿಡಿ.

ಆಲಮಟ್ಟಿ ಹಿನ್ನೀರಿಗೆ ಫ್ಲೆಮಿಂಗೊ ಬರುತ್ತವಲ್ಲ, ಅವನ್ನು ಜಲವರ್ಣದಲ್ಲಿ ಬರೆದಿದ್ದೆ. ಉದ್ದ ಕಾಲು, ಬಾಗಿದ ಕತ್ತು. ನೋಡಿದವರೆಲ್ಲ ಹೊಗಳಿದರು. ಅದೇ ನನ್ನನ್ನು ಕೆಡಿಸಿದ್ದು. ಸ್ಕ್ಯಾನ್ ಮಾಡಿ, 44 ಇಂಚು ಅಗಲದ ಹತ್ತಿ ಬಟ್ಟೆ ತುಂಬಾ ಅದನ್ನೇ ಪ್ರಿಂಟ್ ಮಾಡಿಸಿದೆ. ಸ್ಯಾಂಪಲ್ ಇಲ್ಲ, ಸೀದಾ ದೊಡ್ಡ ಆರ್ಡರ್.

ಈಗ ಲೆಕ್ಕ ನೋಡಿ. ದಿಂಬಿನ ಕವರ್ 18 ಇಂಚು ಅಗಲ, 28 ಉದ್ದ. ಹೊಲಿಗೆಗೆ ಬಿಟ್ಟರೆ 20 ಮತ್ತು 30. ಬಟ್ಟೆಯ ಅಗಲಕ್ಕೆ 30 ಹಿಡಿದರೆ ಒಂದೇ ತುಂಡು, ಪಕ್ಕದ 14 ಇಂಚು ದಂಡ. ತಿರುಗಿಸಿ 20 ಹಿಡಿದರೆ ಎರಡು ತುಂಡು ಸಲೀಸು. ಯಾವ ಟೇಲರ್ ಆದರೂ ತಿರುಗಿಸಿಯೇ ಕತ್ತರಿಸುತ್ತಾನೆ, ಅದರಲ್ಲಿ ಅವನ ತಪ್ಪಿಲ್ಲ. ಆದರೆ ಬಟ್ಟೆಯ ಉದ್ದಕ್ಕೆ ನಿಂತಿದ್ದ ನನ್ನ ಹಕ್ಕಿಗಳು, ದಿಂಬನ್ನು ಮಂಚದ ಮೇಲೆ ಇಟ್ಟಾಗ, ಅಡ್ಡಬಿದ್ದವು. ಅಂಚಿನಲ್ಲಿದ್ದವಕ್ಕೆ ತಲೆ ಇಲ್ಲ. "ಅಕ್ಕಾರ, ಹಕ್ಕಿ ಯಾಕ ಮಲ್ಕೊಂಡಾವ್ರಿ?" ಅಂತ ಟೇಲರೇ ಕೇಳಿದ. ನೆಟ್ಟಗೆ ಕತ್ತರಿಸಿದರೆ ಬಟ್ಟೆ ಸಾಲದು, ಹೀಗೇ ಬಿಟ್ಟರೆ ಕೊಳ್ಳುವವರಿಲ್ಲ. ದುಡ್ಡು ಹೋಯಿತು.

ಗೋಡೆಯ ಚಿತ್ರಕ್ಕೆ ಚೌಕಟ್ಟು ಇರುತ್ತದೆ, ಬಟ್ಟೆಗೆ ಕತ್ತರಿ. ಗುಳೇದಗುಡ್ಡದ ಖಣ ನೋಡಿ. ಸಣ್ಣ ಚಿತ್ರ, ಮತ್ತೆ ಮತ್ತೆ. ಎಲ್ಲಿ ಕತ್ತರಿಸಿ ಕುಪ್ಪಸ ಹೊಲಿದರೂ ಅಂದ ಕೆಡುವುದಿಲ್ಲ.

ಹಾಗಾಗಿ ನಿಮ್ಮ ಅತಿ ಚಂದದ ಚಿತ್ರ ಬೇಡವೇ ಬೇಡ. ಕುಸುಬಿ ಹೂವು, ಜೋಳದ ತೆನೆ, ಉದುರಿದ ಗರಿ ಬರೆಯಿರಿ, ನಾಲ್ಕೂ ದಿಕ್ಕಿಗೆ ಮುಖ ಮಾಡಿಸಿ. ಹಾಳೆಯ ಅಂಚು ಮುಟ್ಟದಂತೆ ಬರೆದು, ಹಾಳೆಯನ್ನು ಉದ್ದಕ್ಕೆ ಕತ್ತರಿಸಿ ಎರಡು ಮಾಡಿ, ಎಡಬಲ ಅದಲುಬದಲು ಮಾಡಿ ಅಂಟಿಸಿ. ಆಮೇಲೆ ಅಡ್ಡ ಕತ್ತರಿಸಿ ಮೇಲೆ ಕೆಳಗೂ ಹಾಗೇ ಮಾಡಿ. ನಡುವೆ ಖಾಲಿ ಜಾಗ ಬರುತ್ತದೆ, ಅದನ್ನು ತುಂಬಿ. ಈ ತುಂಡನ್ನು ಎಷ್ಟು ಸಲ ಜೋಡಿಸಿದರೂ ಸಂದು ಕಾಣುವುದಿಲ್ಲ. ಕಂಪ್ಯೂಟರ್‌ನಲ್ಲೂ ಆಗುತ್ತದೆ, ಆದರೆ ಮೊದಲ ಸಲ ಕೈಯಲ್ಲೇ ಮಾಡಿ, ತಲೆಗೆ ಹತ್ತುತ್ತದೆ.

ಇನ್ನು ಪ್ರಿಂಟ್. ಮಗ್‌ಗೆ ಹಾಕುವ ಸಬ್ಲಿಮೇಷನ್ ಪ್ರಿಂಟ್, ಅಂದರೆ ಬಿಸಿ ಒತ್ತಿ ಬಣ್ಣ ಇಳಿಸುವುದು, ಬರಿ ಹತ್ತಿಗೆ ಹಿಡಿಯುವುದಿಲ್ಲ, ಅದು ಪಾಲಿಯೆಸ್ಟರ್‌ಗೆ. ಹತ್ತಿಗೆ ರಿಯಾಕ್ಟಿವ್ ಪ್ರಿಂಟ್, ಅಂದರೆ ಬಣ್ಣ ನೂಲಿಗೇ ಬೆಸೆದುಕೊಳ್ಳುವಂಥದ್ದು, ಕೇಳಿ. ಒಂದು ಮೀಟರ್ ಮಾಡಿಸಿ, ಮನೆ ಬಟ್ಟೆ ಜೊತೆ ಒಗೆದು, ಬಣ್ಣ ಎಷ್ಟು ಬಿಟ್ಟಿತು, ಬಟ್ಟೆ ಎಷ್ಟು ಕುಗ್ಗಿತು ನೋಡಿ.

ಬೆಡ್‌ಶೀಟ್ ಈಗಲೇ ಬೇಡ. ಡಬಲ್ ಮಂಚಕ್ಕೆ 44ರ ಬಟ್ಟೆ ಸಾಲುವುದಿಲ್ಲ, ಜೋಡಿಸಬೇಕು. ನಡು ಹೊಲಿಗೆಯಲ್ಲಿ ಚಿತ್ರಕ್ಕೆ ಚಿತ್ರ ಕೂಡಿಸುವ ಟೇಲರ್ ನನಗಂತೂ ಇನ್ನೂ ಸಿಕ್ಕಿಲ್ಲ.